ಒಂದೇ ಕಿವಿಯಿಂದ ಶೂಟರ್ ಆಟ: ಹೆಜ್ಜೆ ಸಪ್ಪಳದ ದಿಕ್ಕು ಹಿಡಿಯುವ ಸಮಗ್ರ ಮಾರ್ಗದರ್ಶಿ

ಏಳನೆಯ ವಯಸ್ಸಿನಲ್ಲಿ ಬಂದ ಮಂಗನಬಾವು ನನ್ನ ಎಡಗಿವಿಯನ್ನು ತೆಗೆದುಕೊಂಡು ಹೋಯಿತು. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಒಂದು ದಿನ ಫೋನಿನ ರಿಸೀವರನ್ನು ಎಡಗಿವಿಗೆ ಹಿಡಿದು, ಅಜ್ಜಿಯ ದನಿ ಕೇಳಿಸದೆ, ಲೈನ್ ಕಡಿದುಹೋಗಿದೆ ಎಂದು ಕೆಳಗಿಟ್ಟಾಗಲೇ ಸಂಗತಿ ಹೊರಬಿದ್ದದ್ದು. ಆಮೇಲೆ ಎಲ್ಲದಕ್ಕೂ ಒಂದು ಉಪಾಯ ಕಂಡುಕೊಂಡೆ. ತರಗತಿಯಲ್ಲಿ ಎಡತುದಿಯ ಬೆಂಚು, ಊಟದ ಪಂಕ್ತಿಯಲ್ಲಿ ಎಡತುದಿಯ ಎಲೆ, ರಸ್ತೆಯಲ್ಲಿ ಗೆಳತಿಯರ ಎಡಕ್ಕೆ ನಡಿಗೆ. ಉಪಾಯ ಹೂಡಲು ಆಗದೆ ಹೋದದ್ದು ತಮ್ಮನ ಜೊತೆ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಮೊಬೈಲ್ ಶೂಟರ್ ಆಟ ಆಡಲು ಕುಳಿತಾಗ. “ಅಕ್ಕಾ, ಎಡಗಡೆ ಹೆಜ್ಜೆ ಕೇಳಿಸುತ್ತಿಲ್ಲವಾ?” ಎಂದು ಅವನು ಕೂಗುವಷ್ಟರಲ್ಲಿ ನನ್ನ ಆಟ ಮುಗಿದಿರುತ್ತಿತ್ತು.

ಒಂದು ಕಿವಿ ಕೇಳಿಸದವರು ಸಲಹೆ ಕೇಳಿದರೆ ಎಲ್ಲರೂ ಹೇಳುವುದು ಒಂದೇ ಮಾತು: ಮೋನೋ ಆನ್ ಮಾಡಿ, ಅಂದರೆ ಎಡ–ಬಲದ ಸದ್ದುಗಳನ್ನು ಕೂಡಿಸಿ ಎರಡೂ ಬದಿಗೆ ಒಂದೇ ಸದ್ದು ಬರುವಂತೆ ಮಾಡಿ. ಆ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಮೋನೋ ನಮಗೆ ಸದ್ದನ್ನು ಕೊಡುತ್ತದೆ, ದಿಕ್ಕನ್ನು ಕಿತ್ತುಕೊಳ್ಳುತ್ತದೆ. ಶೂಟರ್ ಆಟದಲ್ಲಿ ದಿಕ್ಕಿಲ್ಲದ ಸದ್ದು ಎಂದರೆ ಬರಿಯ ಗಾಬರಿ. ದಿಕ್ಕನ್ನು ಮರಳಿ ಪಡೆಯುವ ದಾರಿಗಳಿವೆ. ಅವುಗಳನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ನಿಮಗೆ ಅಷ್ಟು ಬೇಕಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಕೆಳಗಿನ ಎಲ್ಲ ವಿವರಣೆಯೂ ನನ್ನಂತೆ ಬಲಗಿವಿ ಮಾತ್ರ ಕೇಳಿಸುವವರಿಗೆ ಹೊಂದುವಂತೆ ಇದೆ. ನಿಮ್ಮದು ಎಡಗಿವಿಯಾದರೆ ಎಡ–ಬಲಗಳನ್ನು ಅದಲುಬದಲು ಮಾಡಿಕೊಳ್ಳಿ.

ಹೆಜ್ಜೆ 1: ಆಟಕ್ಕಿಂತ ಮೊದಲು ಕಿವಿ ಪರೀಕ್ಷೆ

ಒಂದು ಕಿವಿ ಮಂದವಾಗಿದೆ ಎಂದು ಗೊತ್ತಿದ್ದೂ ಅದರ ಕಾರಣ ಗೊತ್ತಿಲ್ಲದಿದ್ದರೆ, ಮೊದಲು ಕಿವಿ–ಮೂಗು–ಗಂಟಲು ತಜ್ಞರನ್ನು ಕಾಣಿರಿ. ಗುಗ್ಗೆ ಕಟ್ಟಿಕೊಂಡಿರುವುದು, ಕಿವಿ ತಮಟೆಯಲ್ಲಿ ತೂತಾಗಿರುವುದು, ಸೋರುವ ಕಿವಿ, ಮಧ್ಯಕಿವಿಯ ಮೂಳೆ ಬಿಗಿದುಕೊಂಡಿರುವುದು ಇವೆಲ್ಲ ಸದ್ದು ಒಳಗೆ ಹೋಗುವ ದಾರಿಯ ತೊಂದರೆಗಳು. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆ ಇದೆ. ಮಂಗನಬಾವಿನಂಥ ಸೋಂಕಿನಿಂದ ಒಳಕಿವಿಯೋ ಶ್ರವಣ ನರವೋ ಹಾಳಾಗಿದ್ದರೆ ಕಥೆ ಬೇರೆ. ನಿಮ್ಮದು ಯಾವುದೆಂದು ಆಡಿಯೋಗ್ರಾಮ್, ಅಂದರೆ ಯಾವ ಕಿವಿಗೆ ಎಷ್ಟು ಕೇಳಿಸುತ್ತದೆಂದು ಅಳೆದು ಬರೆದ ನಕ್ಷೆ, ತೋರಿಸುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದೇ ಕೆಲಸ ಮಾಡುತ್ತಿದೆ. ಅಲ್ಲಿಗೆ ಹೋದರೆ ನಿಮ್ಮ ಭಾಷೆಯಲ್ಲೇ ಎಲ್ಲವನ್ನೂ ಕೇಳಿ ತಿಳಿದುಕೊಳ್ಳಬಹುದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಿನ್ನೆಯವರೆಗೆ ಚೆನ್ನಾಗಿದ್ದ ಕಿವಿ ಇಂದು ಬೆಳಿಗ್ಗೆ ಏಳುವಾಗ ಕೇಳಿಸದೆ ಹೋದರೆ, ಅಥವಾ ಎರಡು ಮೂರು ದಿನಗಳಲ್ಲಿ ಸರ್ರನೆ ಮಂದವಾದರೆ, ಅದು ತುರ್ತು ಸ್ಥಿತಿ. ಶೀತದಿಂದ ಕಟ್ಟಿಕೊಂಡಿದೆ, ತಾನಾಗಿ ಬಿಡುತ್ತದೆ ಎಂದು ವಾರಗಟ್ಟಲೆ ಕಾಯಬೇಡಿ. ಅಂಥ ನಷ್ಟಕ್ಕೆ ಕೊಡುವ ಸ್ಟಿರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ಒಂದೇ ಕಿವಿಯಲ್ಲಿ ಬಿಡದೆ ಗುಂಯ್‌ಗುಡುವ ಸದ್ದು ಇದ್ದರೂ ತೋರಿಸಿಕೊಳ್ಳಿ.

ಆಡಿಯೋಗ್ರಾಮ್ ಕೈಯಲ್ಲಿದ್ದರೆ ಆಟದ ಸೆಟ್ಟಿಂಗ್ ಆರಿಸುವುದೂ ಸುಲಭ. ಎಡಗಿವಿಯಲ್ಲಿ ಸ್ವಲ್ಪವಾದರೂ ಕೇಳಿಸುತ್ತಿದ್ದರೆ ಎರಡೂ ಬದಿಗಳನ್ನು ಬಳಸಿಕೊಳ್ಳಬಹುದು. ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಇರುವ ಬ್ಯಾಲೆನ್ಸ್ ಸ್ಲೈಡರನ್ನು ಮಂದ ಕಿವಿಯ ಕಡೆಗೆ ಸರಿಸಿ, ಒಳ್ಳೆಯ ಕಿವಿಯ ಸದ್ದನ್ನು ತಗ್ಗಿಸಿ. ಎಷ್ಟೋ ಜನರಿಗೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಎಡಗಿವಿ ಪೂರ್ತಿ ಹೋಗಿದ್ದರೆ ಮುಂದೆ ಓದಿ.

ಎರಡು ಕಿವಿಗಳು ಮಾಡುವ ಲೆಕ್ಕ

ಇದನ್ನು ಅರ್ಥ ಮಾಡಿಕೊಳ್ಳದೆ ಸೆಟ್ಟಿಂಗ್ ಬದಲಿಸುವುದು ಕತ್ತಲಲ್ಲಿ ಕೈಯಾಡಿಸಿದಂತೆ. ಬಲಗಡೆಯಿಂದ ಬಂದ ಸದ್ದು ಬಲಗಿವಿಯನ್ನು ಮೊದಲು ಮುಟ್ಟಿ, ತಲೆಯನ್ನು ಬಳಸಿಕೊಂಡು ಎಡಗಿವಿಗೆ ಹೋಗುತ್ತದೆ. ನಡುವಿನ ಅಂತರ ಹೆಚ್ಚೆಂದರೆ ಸುಮಾರು 0.7 ಮಿಲಿಸೆಕೆಂಡ್. ಅಷ್ಟು ಚಿಕ್ಕ ಅಂತರವನ್ನೂ ಮಿದುಳು ಅಳೆಯುತ್ತದೆ. ಎರಡನೆಯದು ತಲೆಯ ನೆರಳು: ದೂರದ ಕಿವಿಗೆ ತಲುಪುವ ಸದ್ದಿನ ತೀಕ್ಷ್ಣ ಸ್ವರಗಳನ್ನು ತಲೆ ತಡೆಯುತ್ತದೆ, ದಪ್ಪ ಸ್ವರಗಳು ಬಳಸಿಕೊಂಡು ಹೋಗುತ್ತವೆ. ಮೂರನೆಯದು ಹೊರಕಿವಿಯ ಮಡಿಕೆಗಳು. ಮೇಲೆ, ಕೆಳಗೆ, ಹಿಂದೆ, ಮುಂದೆ ಎಂಬ ಸೂಚನೆಯನ್ನು ಸದ್ದಿನ ಬಣ್ಣವನ್ನು, ಅಂದರೆ ಅದರ ತೀಕ್ಷ್ಣ–ದಪ್ಪ ಸ್ವರಗಳ ಹದವನ್ನು, ಬದಲಿಸುವ ಮೂಲಕ ಅವು ಕೊಡುತ್ತವೆ.

ಮೊದಲನೆಯದಕ್ಕೆ ಎರಡು ಕಿವಿ ಬೇಕೇ ಬೇಕು, ಅದನ್ನು ಮರೆತುಬಿಡಿ. ಉಳಿದೆರಡು ಒಂದು ಕಿವಿಗೂ ದಕ್ಕುತ್ತವೆ. ಎಡಗಡೆಯ ಸದ್ದು ತಲೆಯ ನೆರಳು ದಾಟಿ ಮಬ್ಬಾಗಿ ಬಲಗಿವಿಗೆ ಬೀಳುತ್ತದೆ. ಬೀದಿಯಲ್ಲಿ ನಡೆಯುವಾಗ ನಾವು ಗೊತ್ತಿಲ್ಲದೆಯೇ ಬಳಸುವುದು ಇದನ್ನೇ, ಜೊತೆಗೆ ತಲೆ ತಿರುಗಿಸಿ ಸದ್ದು ಹೇಗೆ ಬದಲಾಗುತ್ತದೆಂದು ನೋಡುವುದನ್ನು.

ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಇವೆರಡೂ ತಪ್ಪಿಹೋಗುತ್ತವೆ. ಸಾಮಾನ್ಯ ಸ್ಟೀರಿಯೋದಲ್ಲಿ ಎಡಗಡೆಯ ಸದ್ದು ಎಡ ಸ್ಪೀಕರಿಗಷ್ಟೇ ಹೋಗುತ್ತದೆ, ತಲೆಯನ್ನು ಬಳಸಿ ಬಲಕ್ಕೆ ಬರಲು ಅದಕ್ಕೆ ದಾರಿಯೇ ಇಲ್ಲ. ನೀವು ತಲೆ ತಿರುಗಿಸಿದರೆ ಹೆಡ್‌ಫೋನೂ ತಿರುಗುತ್ತದೆ. ತಪ್ಪಿಹೋದ ಈ ಎರಡನ್ನು ಆಟದೊಳಗೆ ಮತ್ತೆ ಕಟ್ಟಿಕೊಡುವುದೇ ಮುಂದಿನ ಹೆಜ್ಜೆಗಳ ಗುರಿ.

ಹೆಜ್ಜೆ 2: ಮೂರು ವಿಧಾನಗಳಲ್ಲಿ ಒಂದನ್ನು ಆರಿಸಿ

ಮೊದಲನೆಯದು ಮೋನೋ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಆಡಿಯೋ ಎಂಬ ದಾರಿಯಲ್ಲಿ ಮೋನೋ ಆಡಿಯೋ ಸಿಗುತ್ತದೆ. ಐಫೋನಿನಲ್ಲಿಯೂ ಆಕ್ಸೆಸಿಬಿಲಿಟಿಯ ಒಳಗೆ ಆಡಿಯೋ ವಿಭಾಗದಲ್ಲಿದೆ. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಆಕ್ಸೆಸಿಬಿಲಿಟಿಯ ಹಿಯರಿಂಗ್ ಎನ್‌ಹಾನ್ಸ್‌ಮೆಂಟ್ಸ್ ಎಂಬಲ್ಲಿದೆ. ಬೇರೆ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ ಹುಡುಕುವ ಪಟ್ಟಿಯಲ್ಲಿ ‘ಮೋನೋ’ ಎಂದು ಬರೆದರೆ ಸಾಕು. ಎಕ್ಸ್‌ಬಾಕ್ಸ್‌ನಲ್ಲೂ ಪ್ಲೇಸ್ಟೇಷನ್ 5ರಲ್ಲೂ ಈ ಆಯ್ಕೆ ಇದೆ.

ಮೋನೋ ಹಾಕುವ ಮೊದಲು ಆಟದೊಳಗಿನ ಎಚ್‌ಆರ್‌ಟಿಎಫ್, ವಿಂಡೋಸ್ ಸೋನಿಕ್, ಡಾಲ್ಬಿ ಅಟ್ಮಾಸ್, ಹೆಡ್‌ಸೆಟ್‌ನ ಸ್ವಂತ 7.1, ಹೀಗೆ ಹೆಡ್‌ಫೋನಿನಲ್ಲಿ ಸದ್ದಿನ ದಿಕ್ಕನ್ನು ಅನುಕರಿಸುವ ಸೌಲಭ್ಯಗಳೆಲ್ಲವನ್ನೂ ಆಫ್ ಮಾಡಿಬಿಡಿ. ಇವು ಎಡ–ಬಲಗಳಿಗೆ ಬೇರೆ ಬೇರೆ ಕಾಲಾಂತರದಲ್ಲಿ ಸದ್ದು ಕಳುಹಿಸುತ್ತವೆ. ಆ ಎರಡನ್ನು ಒಂದರ ಮೇಲೊಂದು ಸುರಿದಾಗ ಕೆಲವು ಸ್ವರಗಳು ಒಂದನ್ನೊಂದು ಹೊಡೆದುಹಾಕಿ, ಹೆಜ್ಜೆ ಸಪ್ಪಳ ಕೊಳವೆಯೊಳಗಿಂದ ಬಂದಂತೆ ಕೇಳಿಸುತ್ತದೆ. ಮೊದಲ ಆರು ತಿಂಗಳು ನಾನು ಮಾಡಿದ್ದು ಇದೇ ತಪ್ಪು.

ಎರಡನೆಯದು ಎಚ್‌ಆರ್‌ಟಿಎಫ್ ಅನ್ನು ಆನ್ ಇಟ್ಟು ಮೋನೋವನ್ನು ಆಫ್ ಮಾಡುವುದು. ನಿಮಗೆ ವಿಚಿತ್ರ ಅನಿಸಬಹುದು. ಆದರೆ ಎಚ್‌ಆರ್‌ಟಿಎಫ್ ಎಂದರೆ ತಲೆಯ ನೆರಳನ್ನೂ ಕಿವಿಯ ಮಡಿಕೆಗಳನ್ನೂ ಲೆಕ್ಕದಲ್ಲಿ ಅನುಕರಿಸುವ ವಿದ್ಯೆ. ಆ ಲೆಕ್ಕದ ಪ್ರಕಾರ ಎಡಗಡೆಯ ಶತ್ರುವಿನ ಸದ್ದು ಬಲ ಸ್ಪೀಕರಿಗೂ ಬರುತ್ತದೆ, ಮಬ್ಬಾಗಿ, ತುಸು ಮೆಲ್ಲಗೆ, ನಿಜ ಜೀವನದಲ್ಲಿ ಬರುವ ಹಾಗೆಯೇ. ಅಂದರೆ ಒಂದೇ ಕಿವಿ ಇರುವವರಿಗೆ ಬೇಕಾದ ಬೆರಕೆ ಅಲ್ಲಿ ಆಗಲೇ ಸಿದ್ಧವಾಗಿರುತ್ತದೆ, ಮೋನೋ ಹಾಕಿ ಅದನ್ನು ನಾವೇ ಕೆಡಿಸುತ್ತೇವೆ. ವ್ಯಾಲರಂಟ್ ಎಂಬ ಶೂಟರ್ ಆಟದ ಆಡಿಯೋ ಸೆಟ್ಟಿಂಗ್‌ನಲ್ಲಿ ಎಚ್‌ಆರ್‌ಟಿಎಫ್ ಎಂಬ ಸ್ವಿಚ್ ಇದೆ. ಅದು ಎಲ್ಲ ಸದ್ದಿಗೂ ಅನ್ವಯಿಸುವುದಿಲ್ಲ, ಆದರೆ ಮುಖ್ಯವಾಗಿ ಬೇಕಾದ ಹೆಜ್ಜೆ ಸಪ್ಪಳಕ್ಕೆ ಅನ್ವಯಿಸುತ್ತದೆ. ಕೌಂಟರ್ ಸ್ಟ್ರೈಕ್ 2ರಲ್ಲಿ ಎಲ್/ಆರ್ ಐಸೊಲೇಷನ್ ಎಂಬ ಸ್ಲೈಡರ್ ಇದೆ. ಅದು ಹೆಚ್ಚಿದಷ್ಟೂ ಎಡ–ಬಲಗಳ ನಡುವೆ ಗೋಡೆ ಎತ್ತರವಾಗುತ್ತದೆ. ನಮ್ಮಂಥವರು ಅದನ್ನು ಸೊನ್ನೆಗೆ ಇಳಿಸಬೇಕು. ಪ್ಲೇಸ್ಟೇಷನ್ 5ರಲ್ಲಿ ಹೆಡ್‌ಫೋನ್‌ಗಾಗಿ 3ಡಿ ಆಡಿಯೋ ಆನ್ ಮಾಡಿ, ಅದರ ಐದು ಮಾದರಿಗಳನ್ನು ಒಂದೊಂದಾಗಿ ಪರೀಕ್ಷಿಸಿ. ಕಂಪ್ಯೂಟರಿನಲ್ಲಿ ಆಟಕ್ಕೆ ಸ್ವಂತ ಎಚ್‌ಆರ್‌ಟಿಎಫ್ ಇಲ್ಲದಿದ್ದರೆ ವಿಂಡೋಸ್ ಸೋನಿಕ್ ಉಚಿತವಾಗಿ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಮಾತ್ರ ಹಾಕಬೇಡಿ.

ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆ: ಗೆಳೆಯರೊಬ್ಬರು ಆಟದೊಳಗೆ ನಿಮ್ಮ ನೇರ ಎಡಕ್ಕೆ ನಿಂತು ಗುಂಡು ಹಾರಿಸಲಿ. ಬಲಗಿವಿಗೆ ಏನೂ ಬೀಳದಿದ್ದರೆ ಅಲ್ಲಿ ಬೆರಕೆ ಆಗುತ್ತಿಲ್ಲ ಎಂದರ್ಥ, ಮೋನೋಗೆ ಮರಳಿ ಅಥವಾ ಮೂರನೆಯ ವಿಧಾನಕ್ಕೆ ಹೋಗಿ.

ಮೂರನೆಯದು ನಿಮ್ಮದೇ ಬೆರಕೆ. ಇದು ಕಂಪ್ಯೂಟರಿನಲ್ಲಿ ಆಡುವವರಿಗೆ ಮಾತ್ರ, ಆದರೆ ನನಗೆ ಅತಿ ಹೆಚ್ಚು ಫಲ ಕೊಟ್ಟದ್ದು ಇದು. ಈಕ್ವಲೈಜರ್ ಎಪಿಓ ಎಂಬ ಉಚಿತ ತಂತ್ರಾಂಶ ವಿಂಡೋಸ್‌ನ ಸದ್ದಿನ ದಾರಿಯಲ್ಲಿ ಕುಳಿತು, ಆಟದ ಕಡತಗಳನ್ನು ಮುಟ್ಟದೆ, ಎಡ–ಬಲ ಚಾನೆಲ್‌ಗಳನ್ನು ನಮಗೆ ಬೇಕಾದಂತೆ ಬದಲಿಸುತ್ತದೆ. ಅದನ್ನು ಸ್ಥಾಪಿಸುವಾಗ ನಿಮ್ಮ ಹೆಡ್‌ಫೋನನ್ನು ಆರಿಸಿ ಕಂಪ್ಯೂಟರನ್ನು ಒಮ್ಮೆ ಮರುಚಾಲನೆ ಮಾಡಿ. ಈ ವಿಧಾನದಲ್ಲಿ ಎಚ್‌ಆರ್‌ಟಿಎಫ್ ಮತ್ತು ಮೋನೋ ಎರಡೂ ಆಫ್ ಇರಬೇಕು. ನಂತರ ಆ ತಂತ್ರಾಂಶದ ಕಾನ್ಫಿಗರೇಷನ್ ಎಡಿಟರ್‌ನಲ್ಲಿ ಈ ಕ್ರಮದಲ್ಲಿಯೇ ಸೇರಿಸಿ:

1. ಪ್ರಿಆಂಪ್ (ಒಟ್ಟು ಸದ್ದಿನ ಮಟ್ಟ), ಮೈನಸ್ 6 ಡೆಸಿಬಲ್. ಎರಡು ಚಾನೆಲ್‌ಗಳನ್ನು ಕೂಡಿಸಿದಾಗ ಸದ್ದು ಒಡೆಯದಿರಲು ಇದು ಬೇಕು.
2. ಚಾನೆಲ್, ಎಡ ಮಾತ್ರ.
3. ಲೋ ಶೆಲ್ಫ್ ಫಿಲ್ಟರ್, 400 ಹರ್ಟ್ಜ್, ಮೈನಸ್ 12 ಡೆಸಿಬಲ್. ಇದು ಎಡದ ದಪ್ಪ ಸ್ವರಗಳನ್ನು ತಗ್ಗಿಸುತ್ತದೆ.
4. ಚಾನೆಲ್, ಮತ್ತೆ ಎಲ್ಲವೂ.
5. ಕಾಪಿ: ಬಲ ಚಾನೆಲ್‌ಗೆ ಬಲದ 1.0 ಭಾಗ ಮತ್ತು ಎಡದ 1.0 ಭಾಗ.

ಈಗ ಬಲಗಡೆಯ ಸದ್ದು ತುಂಬಿಕೊಂಡು, ಎಂದಿನಂತೆ ಕೇಳಿಸುತ್ತದೆ. ಎಡಗಡೆಯ ಸದ್ದು ಹಳೆಯ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಬಂದಂತೆ ತೆಳ್ಳಗೆ ಕೇಳಿಸುತ್ತದೆ. ನೇರ ಎದುರಿನದು ಇವೆರಡರ ನಡುವೆ ಇರುತ್ತದೆ. ಒಂದೇ ಕಿವಿಗೆ ಎರಡು ಬಣ್ಣದ ಸದ್ದು.

ಮೊದಲು ನಾನು ಎಡಗಡೆಯ ಸದ್ದನ್ನು ತೆಳ್ಳಗೆ ಮಾಡುವ ಬದಲು ಮಬ್ಬಾಗಿಸಿದ್ದೆ, ತಲೆಯ ನೆರಳಿನ ಹಾಗೆ. ಒಂದು ತಿಂಗಳು ಆಡಿದ ಮೇಲೆ ತೊಂದರೆ ತಿಳಿಯಿತು: ಗೋಡೆಯ ಆಚೆಯ ಸದ್ದನ್ನೂ ದೂರದ ಸದ್ದನ್ನೂ ಆಟಗಳು ಮಬ್ಬಾಗಿಯೇ ಕೇಳಿಸುತ್ತವೆ. ಎಡಕ್ಕಿರುವ ಶತ್ರುವೋ ಗೋಡೆಯ ಆಚೆಗಿರುವ ಶತ್ರುವೋ ಎಂದು ಗೊತ್ತಾಗುತ್ತಿರಲಿಲ್ಲ. ತೆಳುವಾದ ಸದ್ದನ್ನು ಆಟ ತಾನಾಗಿ ಕೊಡುವುದು ಅಪರೂಪ, ಹಾಗಾಗಿ ಗೊಂದಲವಿಲ್ಲ. 400 ಎಂಬ ಸಂಖ್ಯೆಯನ್ನು 300ರಿಂದ 600ರವರೆಗೆ ಆಚೀಚೆ ಮಾಡಿ, ನಿಮ್ಮ ಕಿವಿಗೆ ವ್ಯತ್ಯಾಸ ಎದ್ದು ಕಾಣುವಲ್ಲಿ ನಿಲ್ಲಿಸಿ.

ಹೆಜ್ಜೆ 3: ತಿರುಗಿ ಕೇಳುವುದು

ಎರಡನೆಯ ಅಥವಾ ಮೂರನೆಯ ವಿಧಾನ ಹಿಡಿದವರಿಗೆ ಮಾತ್ರ ಈ ಹೆಜ್ಜೆ. ಶುದ್ಧ ಮೋನೋದಲ್ಲಿ ಎಷ್ಟು ತಿರುಗಿದರೂ ಪ್ರಯೋಜನ ತೀರಾ ಕಡಿಮೆ.

ಎಡ–ಬಲವನ್ನು ಬಣ್ಣ ಹೇಳುತ್ತದೆ. ಎದುರೋ ಬೆನ್ನ ಹಿಂದೋ ಎಂಬುದನ್ನು ಬಣ್ಣ ಹೇಳುವುದಿಲ್ಲ, ಏಕೆಂದರೆ ಎರಡೂ ನಡುವಿನವೇ. ಅದಕ್ಕೆ ಮೌಸ್ ಬೇಕು. ಸದ್ದು ಕೇಳಿದ ಕೂಡಲೇ ಆಟದ ನೋಟವನ್ನು ಎಡಕ್ಕೆ ಒಂದು 40 ಡಿಗ್ರಿ ತಿರುಗಿಸಿ. ಶತ್ರು ಎದುರಿಗಿದ್ದರೆ ಈಗ ಅವನು ನಿಮ್ಮ ಬಲಕ್ಕೆ ಸರಿಯುತ್ತಾನೆ, ಸದ್ದು ತುಂಬಿಕೊಳ್ಳುತ್ತದೆ. ಬೆನ್ನ ಹಿಂದಿದ್ದರೆ ಎಡಕ್ಕೆ ಸರಿಯುತ್ತಾನೆ, ಸದ್ದು ತೆಳುವಾಗುತ್ತದೆ (ಎರಡನೆಯ ವಿಧಾನದಲ್ಲಾದರೆ ಮಬ್ಬಾಗುತ್ತದೆ). ನನ್ನ ಮೇಜಿನ ಮೇಲೆ ಇದನ್ನು ಬರೆದು ಅಂಟಿಸಿಕೊಂಡಿದ್ದೆ: ಎಡಕ್ಕೆ ತಿರುಗು, ತುಂಬಿದರೆ ಮುಂದೆ, ತೆಳುವಾದರೆ ಹಿಂದೆ.

ಕೇಳಿಸುವ ಕಿವಿಯ ವಿರುದ್ಧ ದಿಕ್ಕಿಗೇ ತಿರುಗಬೇಕು ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. ನಮಗೆ ಸದಾ ಕುರುಡಾಗಿರುವ ಬದಿ ಎಡಗಡೆ. ತಿರುಗುವ ನೆಪದಲ್ಲಿ ಕಣ್ಣು ಆ ಬದಿಯನ್ನು ಒಮ್ಮೆ ಸವರಿಕೊಂಡು ಬರುತ್ತದೆ.

ತಿರುಗಿ ಕೇಳುವಾಗ ನೀವು ನಡೆಯುತ್ತಿರಬಾರದು. ನಮ್ಮದೇ ಹೆಜ್ಜೆ ಸಪ್ಪಳ ಎರಡು ಕಿವಿ ಇರುವವರಿಗೂ ಅಡ್ಡಿ, ನಮಗಂತೂ ಅದು ಪರದೆ ಎಳೆದಂತೆ. ಎರಡು ಸೆಕೆಂಡ್ ನಿಲ್ಲಿ, ಕಿವಿಗೊಟ್ಟು ಕೇಳಿ, ತಿರುಗಿ, ಆಮೇಲೆ ಹೆಜ್ಜೆ ಇಡಿ. ವ್ಯಾಲರಂಟ್‌ನಲ್ಲಿ ನೀವು ಓಡುವಾಗ ಮಿನಿ ಮ್ಯಾಪ್ (ಪರದೆಯ ಮೂಲೆಯ ಪುಟ್ಟ ನಕ್ಷೆ) ಮೇಲೆ ಒಂದು ವೃತ್ತ ಮೂಡುತ್ತದೆ. ನಿಮ್ಮ ಸಪ್ಪಳ ಎಲ್ಲಿಯವರೆಗೆ ಕೇಳಿಸುತ್ತದೆ ಎಂಬುದರ ಗಡಿ ಅದು. ಮೆಲ್ಲಗೆ ನಡೆದರೆ ಅದು ಮಾಯವಾಗುತ್ತದೆ.

ಹೆಜ್ಜೆ 4: ಕಿವಿಯ ಕೆಲಸವನ್ನು ಕಣ್ಣಿಗೆ ಹಂಚಿ

ಮೊಬೈಲಿನಲ್ಲಿ ಆಡುವವರಿಗೆ ಇದೇ ಮುಖ್ಯ ಆಸರೆ. ಬಿಜಿಎಂಐ ಆಡುವಾಗ ಹತ್ತಿರದ ಹೆಜ್ಜೆ, ಗುಂಡು, ವಾಹನ ಇವುಗಳ ಗುರುತು ಮಿನಿ ಮ್ಯಾಪ್ ಮೇಲೆ ಮೂಡುತ್ತದೆ. ನಿಯಂತ್ರಣಗಳ ವಿನ್ಯಾಸ ಬದಲಿಸುವಲ್ಲಿ ಹೆಬ್ಬೆರಳು ಮಿನಿ ಮ್ಯಾಪನ್ನು ಮುಚ್ಚದಂತೆ ಗುಂಡಿಗಳನ್ನು ಜರುಗಿಸಿ. ಸದ್ದು ಕೇಳಿದಾಗ ತಲೆ ಎತ್ತಿ ಸುತ್ತ ನೋಡುವುದು ಎಲ್ಲರ ಸಹಜ ಅಭ್ಯಾಸ. ನಮ್ಮ ಅಭ್ಯಾಸ ಬೇರೆಯಾಗಬೇಕು: ಸದ್ದು, ಮ್ಯಾಪ್, ತಿರುಗುವುದು. ಈ ಕ್ರಮ ರೂಢಿಯಾಗಲು ನನಗೆ ಮೂರು ವಾರ ಹಿಡಿಯಿತು. ಮೊಬೈಲಿನಲ್ಲಿ ನಾನು ಮೋನೋ ಮತ್ತು ಮ್ಯಾಪ್ ಎರಡನ್ನೇ ನೆಚ್ಚಿಕೊಂಡಿದ್ದೇನೆ.

ಫೋರ್ಟ್‌ನೈಟ್ ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿದೆ. ಅದರಲ್ಲಿ ವಿಷುಯಲೈಜ್ ಸೌಂಡ್ ಎಫೆಕ್ಟ್ಸ್ ಎಂಬ ಆಯ್ಕೆ ಆನ್ ಮಾಡಿದರೆ ಗುರಿಬಿಂದುವಿನ ಸುತ್ತ ಒಂದು ಉಂಗುರದಂತೆ ಹೆಜ್ಜೆ, ಗುಂಡು, ಪೆಟ್ಟಿಗೆ, ವಾಹನಗಳ ಚಿತ್ರಗಳು ಆಯಾ ದಿಕ್ಕಿನಲ್ಲಿ ಮೂಡುತ್ತವೆ. ಎಲ್ಲ ಶೂಟರ್ ಆಟಗಳೂ ಇದನ್ನು ಕೊಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಎರಡು ಕಿವಿ ಇರುವವರಿಗೆ ಆಗಲೇ ಸಿಗುತ್ತಿರುವ ಮಾಹಿತಿಯನ್ನೇ ಅದು ನಮಗೂ ಕೊಡುತ್ತದೆ, ಅದಕ್ಕಿಂತ ಹೆಚ್ಚಿನದನ್ನೇನೂ ಅಲ್ಲ. ಇದು ಮೋಸ ಎಂದು ನಿಮ್ಮ ಗುಂಪಿನಲ್ಲಿ ಯಾರಾದರೂ ಹೇಳಿದರೆ, ಒಂದು ಪಂದ್ಯವನ್ನು ಒಂದು ಬದಿಯ ಇಯರ್‌ಫೋನ್ ಕಿತ್ತಿಟ್ಟು ಆಡಿ ನೋಡಲು ಹೇಳಿ.

ಕಾಲ್ ಆಫ್ ಡ್ಯೂಟಿ ಸರಣಿಯ ಹಲವು ಆಟಗಳಲ್ಲಿ ಸೈಲೆನ್ಸರ್ ಇಲ್ಲದೆ ಗುಂಡು ಹಾರಿಸಿದವರು ಮಿನಿ ಮ್ಯಾಪ್ ಮೇಲೆ ಕೆಂಪು ಚುಕ್ಕೆಯಾಗಿ ಕಾಣುತ್ತಾರೆ. ಸ್ಫೋಟದ ನಂತರ ಕಿವಿ ಗುಂಯ್‌ಗುಡುವ ಸದ್ದನ್ನು ತಗ್ಗಿಸುವ ಆಯ್ಕೆಯೂ ಅದರ ಇತ್ತೀಚಿನ ಆಟಗಳಲ್ಲಿದೆ. ಗುಂಯ್‌ಗುಡುವ ಕಿವಿಯಿಂದ ನಿಜವಾಗಿಯೂ ನರಳುವವರು ಅದನ್ನು ಮೊದಲ ದಿನವೇ ಆನ್ ಮಾಡಿ.

ಪರದೆಯ ಮೇಲೆ ಸದ್ದಿನ ದಿಕ್ಕು ತೋರಿಸುವ ಹೊರಗಿನ ತಂತ್ರಾಂಶಗಳೂ ಇವೆ, ಆಸುಸ್‌ನ ಸೋನಿಕ್ ರೇಡಾರ್ ಅಂಥದ್ದೊಂದು. ಇವುಗಳ ಬಗ್ಗೆ ಎಚ್ಚರಿಕೆ ಇರಲಿ. ಆಟದ ಮೇಲೆ ಹೊರಗಿನಿಂದ ಏನನ್ನಾದರೂ ಬಿಡಿಸುವ ತಂತ್ರಾಂಶವನ್ನು ಮೋಸ ತಡೆಯುವ ವ್ಯವಸ್ಥೆ ತಪ್ಪಾಗಿ ತಿಳಿಯಬಹುದು. ಆಟದ ನಿಯಮ ಓದದೆ ಹಾಕಿಕೊಳ್ಳಬೇಡಿ. ಪಂದ್ಯಾವಳಿಯಾದರೆ ಆಯೋಜಕರಿಂದ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ.

ಹೆಜ್ಜೆ 5: ಒಂದೇ ಕಿವಿಯಲ್ಲಿ ನೂಕುನುಗ್ಗಲು ಆಗದಂತೆ ನೋಡಿಕೊಳ್ಳಿ

ಎರಡು ಕಿವಿ ಇರುವವರ ಮಿದುಳು ಗದ್ದಲದ ನಡುವೆ ಬೇಕಾದ ದನಿಯನ್ನು ಹೆಕ್ಕಿಕೊಳ್ಳುತ್ತದೆ. ಒಂದೇ ಕಿವಿಗೆ ಆ ಶಕ್ತಿ ಕಡಿಮೆ. ಮದುವೆ ಮನೆಯ ಊಟದ ಹಾಲ್‌ನಲ್ಲಿ ಪಕ್ಕದವರ ಮಾತು ಹಿಡಿಯಲಾಗದೆ ತಲೆಯಾಡಿಸುತ್ತ ಕುಳಿತಿರುವ ಅನುಭವ ನಿಮಗೂ ಇರುತ್ತದೆ. ಆಟದ ಸದ್ದು, ಸಂಗೀತ, ನಾಲ್ವರ ಮಾತು ಎಲ್ಲವೂ ಒಂದೇ ಬಾಗಿಲಿನಿಂದ ನುಗ್ಗಿದರೆ ಅದೇ ಆಗುತ್ತದೆ.

ಆದ್ದರಿಂದ ಸಂಗೀತವನ್ನು ಸೊನ್ನೆ ಮಾಡಿ. ತಂಡದವರ ದನಿಯನ್ನು ಆಟದ ಸದ್ದಿಗಿಂತ ಕೆಳಗೆ, ಅರ್ಧದ ಹತ್ತಿರ ಇಡಿ. ವಿಂಡೋಸ್‌ನಲ್ಲಿ ಕೆಲವು ಸೌಂಡ್ ಡ್ರೈವರ್‌ಗಳ ಜೊತೆ ಲೌಡ್‌ನೆಸ್ ಈಕ್ವಲೈಜೇಷನ್ ಎಂಬ ಆಯ್ಕೆ ಬರುತ್ತದೆ. ಅದು ಗುಂಡಿನ ಮೊರೆತವನ್ನು ತಗ್ಗಿಸಿ ಹೆಜ್ಜೆ ಸಪ್ಪಳವನ್ನು ಎತ್ತುತ್ತದೆ. ಆದರೆ ದೂರ–ಹತ್ತಿರಗಳ ವ್ಯತ್ಯಾಸ ಅದರಿಂದ ಮಸುಕಾಗುತ್ತದೆ. ದಿಕ್ಕೂ ಇಲ್ಲದೆ ದೂರವೂ ಇಲ್ಲದೆ ಆಡುವುದು ಕಷ್ಟ ಎಂದು ನಾನು ಅದನ್ನು ಬಳಸುವುದಿಲ್ಲ.

ಜೊತೆಯವರಿಗೆ ನಿಮ್ಮ ಸ್ಥಿತಿಯನ್ನು ಹೇಳಿಬಿಡಿ. “ನನಗೆ ಎಡಗಿವಿ ಕೇಳಿಸುವುದಿಲ್ಲ, ‘ಎಡಕ್ಕೆ’ ‘ಹಿಂದೆ’ ಎನ್ನುವ ಬದಲು ಸಂಖ್ಯೆ ಹೇಳಿ” ಎಂಬಷ್ಟು ಸಾಕು. ಬಿಜಿಎಂಐನಲ್ಲಿ ಪರದೆಯ ಮೇಲ್ತುದಿಯ ದಿಕ್ಸೂಚಿ ಇರುವುದು ಇದಕ್ಕೇ. ಈಗ ನನ್ನ ತಮ್ಮ “ಅಕ್ಕಾ, 240ರಲ್ಲಿ ಒಬ್ಬ, ಹಳದಿ ಮನೆಯ ಮೇಲೆ” ಎನ್ನುತ್ತಾನೆ. ಅಷ್ಟರಲ್ಲಿ ನನಗೆ ಎಲ್ಲವೂ ತಿಳಿಯುತ್ತದೆ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಸುಮ್ಮನಿರುವುದು, ಮಾತಿನ ಬದಲು ಪಿಂಗ್ ಹಾಕುವುದು, ಅಂದರೆ ಆಟದೊಳಗೆ ಜಾಗವನ್ನು ಗುರುತು ಹಾಕಿ ತೋರಿಸುವುದು, ಇವನ್ನೂ ಕೇಳಿಕೊಳ್ಳಿ. ಕೇಳಿಕೊಳ್ಳಲು ಸಂಕೋಚ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶ್ರವಣದೋಷವನ್ನು ಎರಡೂ ಕಿವಿಗಳ ನಷ್ಟದಿಂದಲೇ ಅಳೆಯುತ್ತದೆ, ಆ ಲೆಕ್ಕದಲ್ಲಿ ನಾವು ಕೇಳಿಸುವವರ ಸಾಲಿನಲ್ಲೇ ಇದ್ದೇವೆ. ನಮ್ಮ ಕಷ್ಟ ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ, ಹೇಳಿದರೆ ಮಾತ್ರ ತಿಳಿಯುತ್ತದೆ.

ಇಯರ್‌ಫೋನ್ ತಂತಿಯದ್ದೇ ಇರಲಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ. ತಿರುಗಿ ಕೇಳುವ ಉಪಾಯಕ್ಕೆ ಆ ವಿಳಂಬ ದೊಡ್ಡ ಪೆಟ್ಟು, ಏಕೆಂದರೆ ನೀವು ತಿರುಗಿ ಮುಗಿಸಿದ ಮೇಲೆ ಸದ್ದಿನ ಬಣ್ಣ ಬದಲಾಗುತ್ತದೆ. ಕೇಳಿಸದ ಕಿವಿಯ ಕಡೆಯಿಂದ ಒಳ್ಳೆಯ ಕಿವಿಗೆ ಸದ್ದು ದಾಟಿಸುವ ಕ್ರಾಸ್ ಶ್ರವಣ ಸಾಧನ ನಿಮ್ಮಲ್ಲಿದ್ದರೆ, ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನನ್ನು ಅದರ ಮೇಲೆಯೇ ಹಾಕಿಕೊಂಡು ಸ್ಟೀರಿಯೋದಲ್ಲಿ ಆಡಿ ನೋಡಿ. ಬೆರಕೆಯ ಕೆಲಸವನ್ನು ಸಾಧನವೇ ಮಾಡುತ್ತದೆ. ಅದರಿಂದ ಎರಡು ಕಿವಿಯ ದಿಕ್ಕಿನ ಅರಿವು ಮಾತ್ರ ಮರಳುವುದಿಲ್ಲ.

ಹೆಜ್ಜೆ 6: ನಿಲ್ಲುವ ಜಾಗ ಮತ್ತು ಪಾತ್ರ

ಕೇಳಿಸದ ಬದಿಯನ್ನು ಗೋಡೆಗೆ ಕೊಡಿ. ಶಾಲೆಯ ಬೆಂಚಿನಲ್ಲಿ ಎಡತುದಿ ಹಿಡಿಯುತ್ತಿದ್ದ ಅದೇ ಉಪಾಯ ಇದು. ಮೂಲೆ ಕಾಯುವಾಗ ನಿಮ್ಮ ಎಡಕ್ಕೆ ಗೋಡೆಯೋ ಬಂಡೆಯೋ ಇರುವಂತೆ ನಿಂತರೆ, ಉಳಿಯುವ ದಾರಿಗಳೆಲ್ಲ ಎದುರಿಗೆ ಮತ್ತು ಕೇಳಿಸುವ ಕಡೆಗೆ ಬರುತ್ತವೆ. ಮನೆಯೊಳಗೆ ಮೆಟ್ಟಿಲು ಕಾಯುವುದು ನಮಗೆ ಕಷ್ಟ, ಸದ್ದು ಮೇಲಿನ ಮಹಡಿಯದೋ ಕೆಳಗಿನದೋ ಎಂದು ಎರಡು ಕಿವಿಯವರೇ ತಪ್ಪುತ್ತಾರೆ. ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಿ.

ವ್ಯಾಲರಂಟ್‌ನಲ್ಲಿ ಸೈಫರ್ ಅಥವಾ ಕಿಲ್‌ಜಾಯ್ ಎಂಬ ಪಾತ್ರವನ್ನು ಆಡಿ ನೋಡಿ. ಸೈಫರ್ ಕಟ್ಟುವ ತಂತಿ, ಕಿಲ್‌ಜಾಯ್ ಇಡುವ ಅಲಾರ್ಮ್‌ಬಾಟ್ ಇವು ಕೇಳಿಸದ ಬದಿಯ ಕಾವಲುಗಾರರು. ಬೆನ್ನ ಹಿಂದಿನ ದಾರಿಗೆ ಒಂದು ತಂತಿ ಕಟ್ಟಿದ ಮೇಲೆ ಮನಸ್ಸಿಗೆ ಎಂಥ ನಿರಾಳ ಸಿಗುತ್ತದೆ ಎಂಬುದು ನಮ್ಮಂಥವರಿಗೇ ಗೊತ್ತು. ಶತ್ರು ಎಲ್ಲಿದ್ದಾನೆಂದು ತೋರಿಸುವ, ಸೋವಾ ಎಂಬ ಪಾತ್ರದ ಬಾಣವೂ ಒಳ್ಳೆಯದೇ.

ಹೆಜ್ಜೆ 7: ಅಭ್ಯಾಸ ಮತ್ತು ಲೆಕ್ಕ

ಆಟದ ಖಾಸಗಿ ಕೊಠಡಿಯಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನೀವು ನಡುವೆ ನಿಂತು ಕಣ್ಣು ಮುಚ್ಚಿ. ಅವರು ನಾಲ್ಕು ದಿಕ್ಕುಗಳಲ್ಲಿ ತಮಗೆ ತೋಚಿದ ಒಂದು ಕಡೆ ಓಡಾಡಲಿ. ನೀವು ಮೌಸ್ ಅನ್ನು ಒಮ್ಮೆ ಮಾತ್ರ ಎಡಕ್ಕೆ ತಿರುಗಿಸಿ ದಿಕ್ಕು ಹೇಳಿ. ಹೀಗೆ 20 ಬಾರಿ ಮಾಡಿ, ಸರಿ ಎಷ್ಟು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಸುಮ್ಮನೆ ಊಹಿಸಿದರೂ ಸರಾಸರಿ 5 ಸರಿಯಾಗುತ್ತವೆ, ಆದ್ದರಿಂದ 6–7 ಬಂದರೆ ಕಿವಿ ಇನ್ನೂ ಏನನ್ನೂ ಹಿಡಿಯುತ್ತಿಲ್ಲ ಎಂದೇ ತಿಳಿಯಿರಿ. ನನ್ನ ಮೊದಲ ವಾರದ ಅಂಕ 7. ದಿನಕ್ಕೆ ಹತ್ತು ನಿಮಿಷದಂತೆ ಎರಡು ತಿಂಗಳು ಮಾಡಿದ ಮೇಲೆ 15. ಅಲ್ಲಿಂದ ಮೇಲಕ್ಕೆ ಏರಿಲ್ಲ. ಆದರೆ 15 ಎಂದರೆ ನಾಲ್ಕರಲ್ಲಿ ಮೂರು ಬಾರಿ ನಾನು ಸರಿಯಾದ ಕಡೆಗೆ ತಿರುಗುತ್ತೇನೆ.

ಅಭ್ಯಾಸದ ನಡುವೆ ಸೆಟ್ಟಿಂಗ್ ಬದಲಿಸಬೇಡಿ. ಮಿದುಳು ಒಂದು ಬಣ್ಣವನ್ನು ದಿಕ್ಕಾಗಿ ಓದಲು ಕಲಿಯುತ್ತಿರುವಾಗ ಬಣ್ಣವನ್ನೇ ಬದಲಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಕನಿಷ್ಠ ಎರಡು ವಾರ ಒಂದೇ ವಿಧಾನದಲ್ಲಿ ಇರಿ.

ಉಳಿದಿರುವ ಕಿವಿಯನ್ನು ಕಾಯುವುದು

ಹೆಜ್ಜೆ ಸಪ್ಪಳ ಹಿಡಿಯುವ ಆಸೆಯಲ್ಲಿ ಸದ್ದು ಏರಿಸುವುದು ನಮ್ಮೆಲ್ಲರ ದೌರ್ಬಲ್ಯ. ನಮಗೆ ಬದಲಿ ಕಿವಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಂತೆ ಆ ಸಮಯ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಮಕ್ಕಳಿಗೆ ಅದೇ 40 ಗಂಟೆಗೆ 75 ಡೆಸಿಬಲ್. ಐಫೋನಿನಲ್ಲಿ ಹೆಡ್‌ಫೋನ್ ಸದ್ದಿನ ಮಟ್ಟವನ್ನು ಆಡುವಾಗಲೇ ನೋಡಬಹುದು. ಅಂಥ ಅಳತೆ ಇಲ್ಲದವರು ಗುಂಡಿನ ಸದ್ದನ್ನು ಆಧಾರವಾಗಿಟ್ಟುಕೊಂಡು ಧ್ವನಿ ಹೊಂದಿಸಿ, ಹೆಜ್ಜೆ ಸಪ್ಪಳವನ್ನು ಆಧಾರವಾಗಿಟ್ಟುಕೊಂಡು ಅಲ್ಲ: ನಿಮ್ಮದೇ ರೈಫಲ್ ಸಿಡಿದಾಗ ಕಣ್ಣು ಪಿಳುಕಿದರೆ ಸದ್ದು ಹೆಚ್ಚಾಗಿದೆ. ಆಟ ಮುಗಿಸಿ ಎದ್ದಾಗ ಕಿವಿ ಗುಂಯ್‌ಗುಟ್ಟಿದರೆ, ಮನೆಯವರ ಮಾತು ಹತ್ತಿ ಇಟ್ಟುಕೊಂಡಂತೆ ಕೇಳಿಸಿದರೆ, ಆ ದಿನದ ಮಟ್ಟಿಗೆ ಆಟ ಮುಗಿಯಿತು. ಮಾರನೆಯ ದಿನವೂ ಹಾಗೆಯೇ ಇದ್ದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ.

ಈಕ್ವಲೈಜರ್‌ನಲ್ಲಿ ಪ್ರಿಆಂಪ್ ಮೈನಸ್ 6 ಎಂದು ಬರೆದದ್ದನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಎಡ ಚಾನೆಲಿನ ಸದ್ದೂ ಈಗ ಬಲಗಿವಿಗೇ ಸುರಿಯುತ್ತಿದೆ ಎಂಬುದು ನೆನಪಿರಲಿ.

ಅಪ್‌ಡೇಟ್ ಬಂದ ದಿನ

ವಿಂಡೋಸ್ ಅಥವಾ ಸೌಂಡ್ ಡ್ರೈವರ್ ಅಪ್‌ಡೇಟ್ ಆದಾಗ ಈಕ್ವಲೈಜರ್ ಎಪಿಓ ಸದ್ದಿಲ್ಲದೆ ಕಳಚಿಕೊಳ್ಳುವುದುಂಟು. ಆಟದ ಅಪ್‌ಡೇಟ್ ಎಚ್‌ಆರ್‌ಟಿಎಫ್ ಸ್ವಿಚ್ಚನ್ನು ಮೊದಲಿನ ಸ್ಥಿತಿಗೆ ತಳ್ಳಿರಬಹುದು. ಹೊಸ ಹೆಡ್‌ಫೋನ್ ಚುಚ್ಚಿದರೆ ವಿಂಡೋಸ್ ಅದನ್ನು ಬೇರೆ ಸಾಧನವೆಂದು ತಿಳಿಯಬಹುದು, ಆಗ ಎಪಿಓದಲ್ಲಿ ಅದನ್ನೂ ಆರಿಸಬೇಕು. ಇದು ಪಂದ್ಯದ ನಡುವೆ ಗೊತ್ತಾಗಬಾರದು. ನಾನು ಮಾಡುವುದಿಷ್ಟು: ಪ್ರತಿ ದಿನ ಆಟ ಶುರು ಮಾಡುವ ಮೊದಲು ಅಭ್ಯಾಸದ ಅಂಗಳಕ್ಕೆ ಹೋಗುತ್ತೇನೆ. ತಮ್ಮ ನನ್ನ ಎಡಕ್ಕೆ ನಿಂತು ಒಂದು ಗುಂಡು ಹಾರಿಸುತ್ತಾನೆ, ಬಲಕ್ಕೆ ಬಂದು ಇನ್ನೊಂದು. ಮೊದಲನೆಯದು ರೇಡಿಯೋದಂತೆ ತೆಳ್ಳಗೆ, ಎರಡನೆಯದು ತುಂಬಿಕೊಂಡು ಕೇಳಿಸಿದರೆ “ಸರಿಯಿದೆ ಕಣೋ, ನಡಿ” ಎನ್ನುತ್ತೇನೆ. ಕೇಳಿಸದಿದ್ದರೆ ಮೊದಲು ಹೆಡ್‌ಫೋನ್ ಆಯ್ಕೆ, ಆಮೇಲೆ ಮೋನೋ, ಆಮೇಲೆ ಎಚ್‌ಆರ್‌ಟಿಎಫ್, ಈ ಕ್ರಮದಲ್ಲಿ ನೋಡುತ್ತೇನೆ. ಸಾಮಾನ್ಯವಾಗಿ ತಪ್ಪು ಮೊದಲನೆಯದರಲ್ಲೇ ಸಿಗುತ್ತದೆ.